ಏಳನೇ ಹೆಸರು

ಮಾರ್ಚ್ 3, ಸೋಮವಾರ

ಚರ್ಚಿನ ಹಿಂಬಾಗಿಲ ಕೀ ಮತ್ತೆ ಕಳೆದಿದೆ. ಕಳೆಯುವವರು ಆರ್ಗನ್ ನುಡಿಸುವವರು, ಓಡಾಡುವವಳು ನಾನು. ಅಕ್ಟೋಬರಿನಿಂದೀಚೆ ಇದು ಮೂರನೇ ಸಲ. ನಿನ್ನೆ ಎಲ್ಲರೆದುರೇ ದಬಾಯಿಸಿದೆ. ಕೀ ಅಂದ್ರೆ ನಿಮಗೆ ಕಡ್ಲೆಕಾಯಿ ಸಿಪ್ಪೇನಾ ಎಂದು. ತಲೆ ತಗ್ಗಿಸಿ ನಿಂತಿದ್ದರು, ಪಾಪ. ಪಾಪ ಏನು ಬಂತು, ಜವಾಬ್ದಾರಿ ಬೇಡವೇ?

ಲಾಂಡ್ರಿಯಲ್ಲಿ ಬೆಳಗಿನ ಬಟ್ಟೆಗಳಿಗೆಲ್ಲ ನಂಬರ್ ಚೀಟಿ ಹಚ್ಚಿ, ಊಟದ ಬಿಡುವಿನಲ್ಲಿ ಮಾರ್ಕೆಟ್ ಮೂಲೆಗೆ ಓಡಿದೆ. ಅಲ್ಲಿ ಬೀಗದಮ್ಮನ ಗೂಡಂಗಡಿ. ಎಲ್ಲರೂ ಹಾಗೇ ಕರೆಯುವುದು. ಐವತ್ತರ ಆಸುಪಾಸು, ಕತ್ತರಿಸಿದ ಕೂದಲು, ಮಾತು ಕಡಿಮೆ. ಪಾದ್ರಿ ಅಯ್ಯನವರ ಹತ್ತಿರವಿದ್ದ ಕೀ ಕೊಟ್ಟು, ಇಂಥದೇ ಇನ್ನೊಂದು ಮಾಡಿಕೊಡಿ ಎಂದೆ. ಚರ್ಚಿಂದಾ ಎಂದು ಕೇಳಿದರು, ಕೀ ತಿರುಗಿಸಿ ನೋಡುತ್ತ.

ಸಿಕ್ಕಿದ್ದೇ ಸಂದರ್ಭ ಎಂದು, ಯಂತ್ರ ಕಿರ್ರೆನ್ನುತ್ತಿದ್ದಾಗಲೇ ಶುರು ಹಚ್ಚಿದೆ. ನೀವೂ ಒಮ್ಮೆ ಬನ್ನಿ, ಭಾನುವಾರ ಒಂಬತ್ತೂವರೆಗೆ ಆರಾಧನೆ, ನಮ್ಮದು ಪ್ರೀತಿಯ ಸಭೆ, ಒಬ್ಬರಿಗೆ ನೆಗಡಿಯಾದರೆ ಇನ್ನೊಬ್ಬರು ಸೀನುತ್ತೇವೆ ಎಂದೆಲ್ಲ. ಅವರು ಯಂತ್ರ ನಿಲ್ಲಿಸಿ ನನ್ನನ್ನೇ ನೋಡಿದರು. ಸುಮಾರು ಹೊತ್ತು. ಆಮೇಲೆ ಸಣ್ಣಗೆ ನಕ್ಕು, ಬರ್ತೀನಿ ಎಂದರು.

ಒಬ್ಬರನ್ನು ಕರೆದ ತೃಪ್ತಿ. 23ಕ್ಕೆ ಸಭೆಯ ವಾರ್ಷಿಕೋತ್ಸವ. ಬ್ಯಾನರ್ ಬರೆಸಲು ಕೊಟ್ಟಾಯಿತು — ‘ಇಲ್ಲಿ ಯಾರೂ ಹೊರಗಿನವರಲ್ಲ.’ ಮಾತು ನನ್ನದೇ. ಅಯ್ಯನವರು ಮೆಚ್ಚಿದರು.

ಮಾರ್ಚ್ 9, ಭಾನುವಾರ, ಮಧ್ಯಾಹ್ನ

ಪಟ್ಟಿ ಓದಿದೆ. ಹದಿನಾಲ್ಕು ಹೆಸರು. ಕಾಯಿಲೆ ಬಿದ್ದವರಿಗಾಗಿ ಪ್ರತಿ ಭಾನುವಾರ ಅಯ್ಯನವರ ಪ್ರಸಂಗಕ್ಕೆ ಮುಂಚೆ ಓದುವ ಪಟ್ಟಿ. ಕಾಯಿಲೆಯವರನ್ನು ವಿಚಾರಿಸಿಕೊಳ್ಳುವ ಪ್ರೀತಿ ಬಳಗದ ಕಾರ್ಯದರ್ಶಿಯಾಗಿ ಒಂಬತ್ತು ವರ್ಷದಿಂದ ನಾನೇ ಓದುತ್ತಿರುವುದು. ಏಳನೇ ಹೆಸರಿನ ನಂತರ ಒಂದು ಉಸಿರು, ಮತ್ತೆ ಏಳು, ಕೊನೆಗೆ ಎಲ್ಲರೂ ಆಮೆನ್. ನಮ್ಮ ಮನೆಯವರು ಚರ್ಚಿಗೆ ಕಾಲಿಡುವುದೇ ವರ್ಷಕ್ಕೆ ನಾಲ್ಕು ಸಲ. ಇವತ್ತು ಬಂದಿದ್ದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ನೀನು ಓದೋದು ಸ್ಟೇಷನ್ನಲ್ಲಿ ರೈಲು ಕೂಗಿದ ಹಾಗಿದೆ ಎಂದರು. ಗಂಡನಾದವನು ಹೊಗಳಿಬಿಟ್ಟರೆ ಮಳೆ ಬಂದೀತು.

ಪಟ್ಟಿ ಉದ್ದವಾಗುತ್ತಲೇ ಇದೆ. ಹೆಸರು ತೆಗೆಯಲು ನಾನೇ ಮಾಡಿದ ನಿಯಮ ಒಂದಿದೆ. ಗುಣವಾದವರು ಮುಂದೆ ಬಂದು ನಿಂತು, ದೇವರು ಗುಣಮಾಡಿದನೆಂದು ಸಾಕ್ಷಿ ಹೇಳಬೇಕು. ಹೇಳುವ ತನಕ ಹೆಸರು ಇದ್ದಲ್ಲೇ. ಯಾರೋ ಅಂದರೆಂದು ಹೊಡೆದುಹಾಕಿ ಆಮೇಲೆ ಫಜೀತಿ ಪಡುವುದು ಯಾಕೆ?

ಹೊಸಬರ ಬೆಂಚಿನಲ್ಲಿ ಬೀಗದಮ್ಮ ಇರಲಿಲ್ಲ. ಎರಡು ಸಲ ನೋಡಿದೆ. ಬರ್ತೀನಿ ಅನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಮಾರ್ಚ್ 12, ಬುಧವಾರ, ಸಂಜೆ 5.50, ಚರ್ಚ್ ಆಫೀಸು

ಈಗಷ್ಟೇ ಹೋದರು. ಮರೆಯುವ ಮುಂಚೆ ಬರೆಯಬೇಕು... ಮರೆಯುವುದೆಲ್ಲಿಂದ ಬಂತು.

ಬುಧವಾರ ಐದರಿಂದ ಆರು ಆಫೀಸಿನಲ್ಲಿ ನಾನು. ಐದೂಕಾಲಿಗೆ ಬಾಗಿಲಲ್ಲಿ ಬೀಗದಮ್ಮ. ಖುಷಿಯಾಯಿತು. ಬನ್ನಿ ಬನ್ನಿ, ಭಾನುವಾರ ಕಾದೆ, ಬರಲೇ ಇಲ್ಲವಲ್ಲ ಎಂದೆ. ಅವರು ಕುರ್ಚಿಯ ಅಂಚಿನಲ್ಲಿ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬಂದಿದ್ದೆ ಎಂದರು. ನಾನು ನೋಡಲಿಲ್ಲ ಎಂದೆ. ಬೇರೆ ಚರ್ಚಿಗೆ ಸೇರುತ್ತಿದ್ದೇನೆ, ಸದಸ್ಯತ್ವದ ವರ್ಗಾವಣೆ ಪತ್ರ ಬೇಕಿತ್ತು ಎಂದರು.

ಅದನ್ನು ನಮ್ಮ ಸದಸ್ಯರಿಗೆ ಮಾತ್ರ ಕೊಡುವುದು ಎಂದು ನಗುನಗುತ್ತಲೇ ಹೇಳಿದೆ. ಚಿಕ್ಕ ಮಕ್ಕಳಿಗೆ ತಿಳಿಸಿ ಹೇಳುವ ಹಾಗೆ. ಅವರೂ ನಕ್ಕರು. ತಮ್ಮ ಹೆಸರು ಹೇಳಿದರು.

ಏಳನೇ ಹೆಸರು.

“ಅವ್ರಿಗೆ ಹುಷಾರಿಲ್ಲ ಅಲ್ವಾ” ಅಂದೆ ನಾನು. ಹಾಗೇ ಅಂದೆ. ಎದುರಿಗೆ ಕೂತವರಿಗೇ.

“ಹುಷಾರಾಗಿ ಹನ್ನೊಂದು ತಿಂಗಳಾಯ್ತು ಅಕ್ಕ. ಪ್ರತಿ ಭಾನುವಾರ ಬರ್ತೀನಿ. ಕಂಬದ ಹಿಂದೆ ಕೂರ್ತೀನಿ. ನೀವು ನನ್ನ ಹೆಸರು ಓದ್ತೀರಿ, ಎಲ್ಲರ ಜೊತೆ ನಾನೂ ಆಮೆನ್ ಅಂತೀನಿ.”

ಆಗ ಕಣ್ಣಿಗೆ ಬಿದ್ದದ್ದು ಅವರ ಬೂದು ಸ್ವೆಟರು. ಕೆಳಗಿನಿಂದ ಎರಡನೇ ಗುಂಡಿ ನೀಲಿ, ಉಳಿದವೆಲ್ಲ ಕಪ್ಪು. ನಮ್ಮ ಲಾಂಡ್ರಿಗೆ ಮೂರು ಸಲ ಬಂದಿದೆ, ಮೂರು ಸಲವೂ ನಾನೇ ಚೀಟಿ ಹಚ್ಚಿದ್ದೇನೆ. ಸ್ವೆಟರು ಗೊತ್ತು ನನಗೆ. ತಂದುಕೊಟ್ಟವರ ಮುಖ ಗೊತ್ತಿಲ್ಲ.

ಆಪರೇಷನ್ನಿಗೆ ಮುಂಚೆ ಅವರೇ ಆಫೀಸಿಗೆ ಫೋನ್ ಮಾಡಿದ್ದರಂತೆ. ಸಭೆಗೆ ಸೇರಿ ಆಗ ನಾಲ್ಕೇ ತಿಂಗಳು. ಫೋನ್ ಎತ್ತಿದ್ದು ನಾನಂತೆ. ಧೈರ್ಯವಾಗಿರಿ, ಸಭೆಯೆಲ್ಲ ನಿಮ್ಮ ಜೊತೆಗಿದೆ ಎಂದೆನಂತೆ. ಅಂದೇ ಇರುತ್ತೇನೆ. ಎಲ್ಲರಿಗೂ ಅದನ್ನೇ ಅನ್ನುತ್ತೇನೆ.

ಮೊನ್ನೆ ಅವರ ಗೂಡಂಗಡಿಯ ಮುಂದೆ ನಿಂತು, ಅವರನ್ನು ಅವರದೇ ಚರ್ಚಿಗೆ ಕರೆದು ಬಂದಿದ್ದೇನೆ. ದೇವರೇ.

ಅಯ್ಯನವರ ಸಹಿಯೂ ಬೇಕು, ಮುಂದಿನ ಬುಧವಾರ ಕೊಡುತ್ತೇನೆ ಎಂದೆ. ಆಗಲಿ ಎಂದು ಎದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, 6.30

ಭೇಟಿ ಪುಸ್ತಕ ತೆಗೆದೆ. ಪಟ್ಟಿಯಲ್ಲಿರುವವರ ಮನೆಗೆ ಯಾರು, ಯಾವತ್ತು ಹೋಗಿ ಬಂದರು ಎಂದು ಬರೆದಿಡುವ ಪುಸ್ತಕ. ಏಳನೇ ಹೆಸರಿನ ಎದುರು ಮೂರು ಸಲ ‘ಭೇಟಿ ಆಯಿತು’. ಮೂರೂ ನನ್ನ ಅಕ್ಷರ.

ಹೋಗಿಲ್ಲ. ಒಮ್ಮೆಯೂ ಹೋಗಿಲ್ಲ. ಈಗ ನೆನಪಾಗುತ್ತಿದೆ — ಪ್ರಿಂಟಾದ ಕಾರ್ಡೊಂದನ್ನು ಪೋಸ್ಟಿಗೆ ಹಾಕಿದ್ದೆ. ಹಾಕಿದ್ದೂ ಒಂದೇ, ಹೋದದ್ದೂ ಒಂದೇ ಎಂದುಕೊಂಡೆ. ವರ್ಷದ ವರದಿಯಲ್ಲಿ ಖಾಲಿ ಜಾಗ ಚೆನ್ನಾಗಿ ಕಾಣುವುದಿಲ್ಲವಲ್ಲ.

ಇದನ್ನು ಬರೆದವಳು ನಾನೇನಾ? ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಯಾರಾದರೂ ನನ್ನ ಅಕ್ಷರ ನಕಲು ಮಾಡಿದ್ದಾರೇನೋ ಎಂಬ ಆಸೆ. ಆರೂವರೆಯಾಯಿತು, ಇನ್ನೂ ಬಾಗಿಲು ಹಾಕಿಲ್ಲ.

ಮಾರ್ಚ್ 13, ಗುರುವಾರ

ಬೆಳಗ್ಗೆ ತಿಂಡಿ ಹೊತ್ತಿಗೆ ಇವರಿಗೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲಾ ಹುಡುಕಿದ್ರಂತೆ ಎಂದರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಭೇಟಿ ಪುಸ್ತಕದ ವಿಷಯ ಹೇಳಿದಾಗ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಅದನ್ನ ಮಾತ್ರ ಯಾರ ಹತ್ರಾನೂ ಹೇಳ್ಬೇಡ ಎಂದರು. ಎಲ್ಲವನ್ನೂ ತಮಾಷೆ ಮಾಡುವ ಮನುಷ್ಯ. ಇವರೇ ಹಾಗೆ ಅಂದದ್ದು ಇನ್ನೂ ದೊಡ್ಡ ಪೆಟ್ಟು.

ಲಾಂಡ್ರಿಯಲ್ಲಿ ಎರಡು ಚೀಟಿ ಅದಲು ಬದಲು. ಒಬ್ಬರ ಪ್ಯಾಂಟು ಇನ್ನೊಬ್ಬರ ಗಂಟಿನಲ್ಲಿ ಹೋಯಿತು.

ಸಂಜೆ ಅಯ್ಯನವರ ಮನೆಗೆ ಹೋದೆ. ಎಲ್ಲವನ್ನೂ ಕೇಳಿಸಿಕೊಂಡರು. ನಂತರ ಮುಖ ಅರಳಿತು. ನಿಜವಾಗಿಯೂ ಅರಳಿತು. ಹನ್ನೊಂದು ತಿಂಗಳ ಹಿಂದೆಯೇ ಗುಣವಾದರೆಂದರೆ ನಮ್ಮ ಪ್ರಾರ್ಥನೆಗೆ ಉತ್ತರ ಸಿಕ್ಕಿದೆ, ವಾರ್ಷಿಕೋತ್ಸವದ ದಿನ ಆಕೆ ಸಾಕ್ಷಿ ಹೇಳಲಿ, ಸಭೆಗೆ ಎಂಥ ಪ್ರೋತ್ಸಾಹ ಎಂದರು. ಬ್ಯಾನರಿನ ಕೆಳಗೇ ನಿಲ್ಲಿಸೋಣ ಎಂದರು.

ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಯಸಿದವರಲ್ಲ. ಮೊನ್ನೆಯ ತನಕ ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಅದಕ್ಕೇ ಕೇಳಲಾಗಲಿಲ್ಲ.

“ಅಯ್ಯನವರೇ, ಅವ್ರು ಗುಣ ಆಗಿದ್ದೇ ನಮಗೆ ಗೊತ್ತಾಗ್ಲಿಲ್ಲ. ಸಾಕ್ಷಿ ಹೇಳ್ಬೇಕಾದವರು ಅವರಲ್ಲ” ಅಂದೆ. ಒಂಬತ್ತು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಇದೇ ಮೊದಲು. ಅವರ ಮನೆಯ ಅಮ್ಮನವರು ಕಾಫಿ ತರುವಷ್ಟರಲ್ಲಿ ಎದ್ದು ಬಂದಿದ್ದೆ.

ಮಾರ್ಚ್ 14, ಶುಕ್ರವಾರ

ಊಟದ ಬಿಡುವಿನಲ್ಲಿ ಗೂಡಂಗಡಿಗೆ ಹೋದೆ. ಯಾರದೋ ಬೀರುವಿನ ಬೀಗ ಬಿಚ್ಚಿ ಹರಡಿಕೊಂಡಿದ್ದರು. ಸ್ಟೂಲು ತೋರಿಸಿದರು. ಕ್ಷಮಿಸಿ ಎಂದೆ. ಕ್ಷಮಿಸಿದೆ ಎಂದರು, ತಲೆ ಎತ್ತದೆ. ಸ್ಕ್ರೂ ತಿರುಗಿಸುವ ಕೈ ನಿಲ್ಲಲಿಲ್ಲ. ರಾತ್ರಿಯೆಲ್ಲ ಕಟ್ಟಿಕೊಂಡು ಬಂದ ಮಾತು ಎರಡು ಕ್ಷಣದಲ್ಲಿ ಮುಗಿದುಹೋಯಿತು. ಇಷ್ಟು ಸುಲಭವಾಗಿ ಸಿಕ್ಕಿದ ಕ್ಷಮೆಯನ್ನು ಹಿಡಿದುಕೊಂಡು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಹನ್ನೊಂದು ತಿಂಗಳು ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು, ಸುಳ್ಳೇಕೆ.

ಮೊದಲನೇ ಭಾನುವಾರ ನಗು ಬಂತಂತೆ. ಮುಗಿದ ಮೇಲೆ ಬೇಕೆಂದೇ ಬಾಗಿಲಲ್ಲಿ ನಿಂತರಂತೆ, ಅಯ್ಯೋ ನೀವಾ ಎಂದು ಯಾರಾದರೂ ಅಂದಾರು ಎಂದು. ನಾನು ಕೈ ಕುಲುಕಿ, ನಗುತ್ತಲೇ ಅವರ ಹಿಂದಿದ್ದವರಿಗೆ ಕೈ ಚಾಚಿದೆನಂತೆ. ಎರಡನೇ ತಿಂಗಳು ಸಿಟ್ಟು. ಮುಂದೆ ಹೋಗಿ ಸಾಕ್ಷಿ ಹೇಳೋಣವೆಂದರೆ ಅಷ್ಟು ಜನರೆದುರು ಕಾಲು ಬರಲಿಲ್ಲವಂತೆ. ಆಮೇಲೆ ಅದೇ ಅಭ್ಯಾಸವಾಯಿತಂತೆ.

ಹೀಗೆಲ್ಲ ಹೇಳಿ ಸ್ಕ್ರೂಡ್ರೈವರ್ ಕೆಳಗಿಟ್ಟರು.

“ಒಂದು ವಿಷಯ ಹೇಳ್ಲಾ ಅಕ್ಕ? ವಾರಕ್ಕೊಂದ್ಸಲ ನನ್ನ ಹೆಸರು ಕೂಗೋರು ನೀವೊಬ್ರೇ. ಮಾರ್ಕೆಟ್ಟಲ್ಲಿ ನಾನು ಬೀಗದಮ್ಮ. ಮನೇಲಿ ಯಾರೂ ಇಲ್ಲ. ಅದನ್ನ ಕೇಳೋಕೇ ಬರ್ತಿದ್ದೆ.”

ರೈಲು ಕೂಗಿದ ಹಾಗೆ ಓದುತ್ತಿದ್ದೆನಲ್ಲ. ಅದನ್ನು ಕೇಳಲು.

ಹೊಸ ಚರ್ಚಿನಲ್ಲಿ ಅಂಥದ್ದೇನಿದೆ ಎಂದೆ. ಏನೂ ಇಲ್ಲ, ಮೂವತ್ತು ಜನ, ಹಾಡುವುದು ಅಪಸ್ವರ ಎಂದರು. ಟೀ ಕೊಟ್ಟ ಹೆಂಗಸು ಸಕ್ಕರೆ ಎಷ್ಟು ಎಂದು ಕೇಳಿದಳಂತೆ. ಮುಂದಿನ ವಾರ ಕೇಳದೆಯೇ ಅಷ್ಟು ಹಾಕಿದಳಂತೆ.

ಅಷ್ಟಕ್ಕೇ? ಹೌದು, ಅಷ್ಟಕ್ಕೇ. ಹೋಗಬೇಡಿ ಎಂದೆ. ಕೇಳಿಸಿತೋ ಇಲ್ಲವೋ. ಬುಧವಾರ ಪತ್ರ ರೆಡಿ ಇರುತ್ತಲ್ವಾ ಎಂದರು.

ಅವರು ಹೋಗಬಾರದು. ನನ್ನ ಮಾನ ಉಳಿಯಲಿ ಎಂದು ನಿನ್ನೆ ಹಾಗೆ ಅನಿಸಿತ್ತು. ಇವತ್ತು ಅದಲ್ಲ. ಅವರು ಹೋದರೆ ಬ್ಯಾನರಿನ ಮೇಲೆ ನಾನು ಬರೆಸಿದ್ದು ಶುದ್ಧ ಸುಳ್ಳು.

ಮಾರ್ಚ್ 16, ಭಾನುವಾರ, ಮಧ್ಯಾಹ್ನ 1.15

ಊಟ ಸೇರಲಿಲ್ಲ. ಏನೇನಾಯಿತು ಇವತ್ತು. ಒಂದೊಂದೇ ಬರೆಯುತ್ತೇನೆ.

ಪಟ್ಟಿ ಹಿಡಿದು ನಿಂತೆ. ಆರು ಹೆಸರು ಓದಿದೆ. ಏಳನೆಯದಕ್ಕೆ ಬಂದು ನಿಲ್ಲಿಸಿದೆ. ಜನ ತಲೆ ಎತ್ತಿ ನೋಡತೊಡಗಿದರು. ಇವರೂ ಬಂದಿದ್ದರು, ಎರಡು ಭಾನುವಾರ ಒಂದರ ಹಿಂದೆ ಒಂದು, ಯಾವ ಕಾಲದಲ್ಲೂ ಇಲ್ಲದ್ದು. ಬೇಡ ಎನ್ನುವಂತೆ ಸಣ್ಣಗೆ ತಲೆಯಾಡಿಸಿದರು.

ಹೇಳಿಬಿಟ್ಟೆ. ಏಳನೇ ಹೆಸರಿನವರು ನಮ್ಮ ಮಾರ್ಕೆಟ್ಟಿನ ಬೀಗದಮ್ಮ, ಹುಷಾರಾಗಿ ಹನ್ನೊಂದು ತಿಂಗಳಾಯಿತು, ಪ್ರತಿ ವಾರ ಇಲ್ಲೇ ಆ ಕಂಬದ ಹಿಂದೆ ಕೂತಿರುತ್ತಾರೆ, ನಮ್ಮಲ್ಲಿ ಒಬ್ಬರಿಗೂ ಗೊತ್ತಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನೆಗೆ ಹೋಗಿ ಬಂದೆನೆಂದು ನಾನು ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ, ಒಮ್ಮೆಯೂ ಹೋಗಿಲ್ಲ ಎಂದೂ ಹೇಳಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎಲ್ಲರೂ ಒಟ್ಟಿಗೆ ಕಂಬದ ಕಡೆ ತಿರುಗಿದರು. ಬೆಂಚು ಖಾಲಿ.

ಆಗ ಮುಂದಿನ ಬೆಂಚುಗಳಿಂದ ದಪ್ಪ ಕನ್ನಡಕದ ಮೇಷ್ಟ್ರು ಎದ್ದರು. ಹನ್ನೊಂದನೇ ಹೆಸರು ತಮ್ಮದೇ, ಕಿಡ್ನಿ ಕಲ್ಲು ಬಿದ್ದುಹೋಗಿ ಎರಡು ತಿಂಗಳಾಯಿತು, ಮಧ್ಯೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂದು ಸುಮ್ಮನಿದ್ದೆ ಎಂದರು. ಎರಡು ತಿಂಗಳಿಂದ ಮೂರನೇ ಸಾಲಿನಲ್ಲಿ, ನನ್ನ ಮೂಗಿನ ನೇರಕ್ಕೆ ಕೂತ ಮನುಷ್ಯ. ಯಾರೋ ಕಿಸಕ್ಕೆಂದರು. ಅವರ ಹಿಂದೆ ಇನ್ನೊಬ್ಬರು ನಕ್ಕರು. ನನಗೂ ನಗು ಬರುವುದರಲ್ಲಿತ್ತು.

ಆಗ ಆರ್ಗನ್ ನುಡಿಸುವವರು ಎದ್ದು ನಿಂತರು. ಎದ್ದವರು ಆರ್ಗನ್ನನ್ನೇ ಹಿಡಿದುಕೊಂಡರು.

“ನಾಲ್ಕನೇದು ನಮ್ಮಕ್ಕ. ಬೇರೆ ಊರಲ್ಲಿದ್ಲು. ಅಕ್ಟೋಬರಲ್ಲೇ ಹೋಗ್ಬಿಟ್ಲು. ಹೇಳಿದ್ರೆ ಹೆಸರು ತೆಗೀತೀರಲ್ಲ ಅಂತ ಸುಮ್ನಿದ್ದೆ.”

ಅಕ್ಟೋಬರ್. ಕೀ ಕಳೆಯಲು ಶುರುವಾದ ತಿಂಗಳು. ಎಲ್ಲರೆದುರು ದಬಾಯಿಸಿದ್ದೆನಲ್ಲ ನಾನು, ಕಡ್ಲೆಕಾಯಿ ಸಿಪ್ಪೆ ಎಂದು. ಸತ್ತವರು ಗುಣವಾಗಲಿ ಎಂದು ನಾವು ಐದು ತಿಂಗಳಿಂದ ಕೇಳಿಕೊಳ್ಳುತ್ತಿದ್ದೆವು. ಆ ಮನುಷ್ಯ ಅದನ್ನು ಕೇಳಿ, ತಿರುಗಿ ಕೂತು ಹಾಡಿಗೆ ಬಾರಿಸುತ್ತಿದ್ದರು.

ಇಂಥವರು ಇನ್ನೆಷ್ಟು ಜನ ಇಲ್ಲಿ? ಹದಿನಾಲ್ಕು ಹೆಸರಿನಲ್ಲಿ ನಾನು ಮುಖ ಬಲ್ಲವರು ಎಷ್ಟು? ಎಣಿಸಿದೆ, ಅಲ್ಲೇ ನಿಂತು. ಐದು.

ಅಯ್ಯನವರು ಪ್ರಸಂಗದ ಹಾಳೆ ಮಡಚಿ ಕಿಸೆಗೆ ಹಾಕಿಕೊಂಡರು. ಕೆಳಗಿಳಿದು ಹೋಗಿ ಆರ್ಗನ್ನಿನ ಸ್ಟೂಲಿನ ಅರ್ಧದಲ್ಲಿ ಕೂತರು. ಇವತ್ತು ಪ್ರಸಂಗ ಇಲ್ಲ. ಮೂವತ್ತು ವರ್ಷದಲ್ಲಿ ಹೀಗಾದದ್ದಿಲ್ಲವಂತೆ.

ವಾಪಸು ಬರುವಾಗ ಇವರು ಸುಮ್ಮನೆ ನನ್ನ ಬ್ಯಾಗು ಇಸಿದುಕೊಂಡು ನಡೆದರು.

ಮಾರ್ಚ್ 19, ಬುಧವಾರ

ಬಂದರು, ಐದೂಕಾಲಿಗೆ ಸರಿಯಾಗಿ. ಸಿಟ್ಟಿನಲ್ಲಿದ್ದರು. ಸೋಮವಾರದಿಂದ ಗೂಡಂಗಡಿಯ ಮುಂದೆ ಚರ್ಚಿನವರ ಕ್ಯೂ ಅಂತೆ.

“ಬೀಗ ಇಲ್ದೋರೂ ಕೀ ಮಾಡಿಸ್ಕೊಂಡು ಹೋದ್ರು. ಇದು ನಿಮ್ಮ ಕೆಲ್ಸಾನಾ?”

ನನ್ನದಲ್ಲ. ನಿಜವಾಗಿಯೂ ಅಲ್ಲ. ಹೋಗಿ ಎಂದು ನಾನು ಯಾರಿಗೂ ಹೇಳಿಲ್ಲ, ಒಂದು ಸರ್ಕ್ಯುಲರ್ ಕಳಿಸಿಲ್ಲ, ಕಮಿಟಿ ಮಾಡಿಲ್ಲ. ನಂಬಿ ಎಂದೆ. ಕಣ್ಣು ಕಿರಿದು ಮಾಡಿ ನೋಡಿದರು. ಮೇಷ್ಟ್ರು ಸ್ಟೂಲಿನ ಮೇಲೆ ಒಂದು ಗಂಟೆ ಕೂತು ಕಿಡ್ನಿ ಕಲ್ಲಿನ ಚರಿತ್ರೆ ಹೇಳಿದರಂತೆ. ಅಯ್ಯನವರು ಬಂದು ಕೈಕಟ್ಟಿ ನಿಂತಿದ್ದರಂತೆ, ಸಾಕ್ಷಿಯ ಸುದ್ದಿ ಎತ್ತಲಿಲ್ಲವಂತೆ. ಆರ್ಗನ್ ನುಡಿಸುವವರು ಹಿಂಬಾಗಿಲ ಕೀಗೆ ಐದು ಡೂಪ್ಲಿಕೇಟ್ ಮಾಡಿಸಿಕೊಂಡು, ಇನ್ನು ಆ ಅಕ್ಕನ ಬಾಯಿಂದ ಬಚಾವು ಎಂದರಂತೆ. ಆ ಅಕ್ಕ ನಾನು. ಅದನ್ನು ಹೇಳುವಾಗ ತುಟಿಯ ತುದಿ ಸ್ವಲ್ಪ ಅಲುಗಿತು. ನಗುವೆಂದು ಹೇಳಲಾರೆ.

ಲಕೋಟೆ ಕೊಟ್ಟೆ. ಎರಡು ಸಹಿ, ಸೀಲು, ಮೇಲೆ ನನ್ನ ಅಕ್ಷರದಲ್ಲಿ ಅವರ ಹೆಸರು. ಸೀಲು ಸಿಗುತ್ತಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೆ ಇನ್ನೊಂದು ವಾರ ತಡೆಯಬಹುದಿತ್ತು. ಸುಳ್ಳು ಸಾಕಾಗಿದೆ. ಅವರು ತೆರೆದು ನೋಡದೆ ಬ್ಯಾಗಿಗೆ ಹಾಕಿಕೊಂಡರು.

ಬಾಗಿಲ ತನಕ ಹೋದೆ. ಆ ಕಂಬದ ಹಿಂದಿನಿಂದ ನಿಮಗೆ ಏನು ಕಾಣುತ್ತಿತ್ತು ಎಂದು ಕೇಳಿದೆ. ಪಟ್ಟಿ ಹಿಡಿದ ನಿಮ್ಮ ಕೈ ಅಷ್ಟೇ ಎಂದರು. ನನ್ನ ಮುಖ ಕಾಣುತ್ತಿರಲಿಲ್ಲವಂತೆ.

ಹೋದರು. ಕುರ್ಚಿ ಎಳೆದು ಕೂತು ಅತ್ತೆ. ಆಫೀಸಿನಲ್ಲಿ, ಬಾಗಿಲು ತೆರೆದಿದ್ದಂತೆಯೇ.

ಮಾರ್ಚ್ 23, ಭಾನುವಾರ, 9.15, ಕಂಬದ ಹಿಂದಿನ ಬೆಂಚು

ಡೈರಿ ಮನೆಯಲ್ಲಿದೆ. ಹಳೇ ಪಟ್ಟಿಯ ಹಿಂಬದಿಗೆ ಬರೆಯುತ್ತಿದ್ದೇನೆ, ಆಮೇಲೆ ಅಂಟಿಸಬೇಕು.

ಇಲ್ಲಿಂದ ಏನೂ ಕಾಣುವುದಿಲ್ಲ, ನಿಜ. ಕಂಬದ ಸುಣ್ಣ, ಮುಂದಿನವರ ಬೆನ್ನು, ಒಂದಿಷ್ಟು ವೇದಿಕೆ. ಬೆಂಚಿನ ಮೇಲೆ ಬೆರಳು ಗೀಚಿದರೆ ಧೂಳು. ಒಂಬತ್ತು ವರ್ಷದಲ್ಲಿ ಇಲ್ಲಿಗೆ ಒಮ್ಮೆಯೂ ಬಂದಿರಲಿಲ್ಲ.

ಬ್ಯಾನರ್ ಕಟ್ಟಿಲ್ಲ. ಬೇಡ ಎಂದೆ, ಅಯ್ಯನವರು ಸರಿ ಎಂದರು. ಅದನ್ನು ಸುತ್ತಿ ಸ್ಟೋರಿನಲ್ಲಿಟ್ಟಿದೆ. ಇವತ್ತು ಪಟ್ಟಿ ಓದುವವರು ಆರ್ಗನ್ ನುಡಿಸುವವರು. ನಾಲ್ಕನೇ ಹೆಸರು ಅವರೇ ಓದಿ, ಅವರೇ ಹೊಡೆದುಹಾಕುತ್ತಾರಂತೆ. ಏಳನೆಯದು ನಿನ್ನೆ ನಾನು ಹೊಡೆದೆ. ಗೀಟು ಎಳೆಯುವಾಗ ಕೈ ಹಿಂಜರಿಯಿತು. ಇನ್ನು ವಾರಕ್ಕೊಮ್ಮೆ ಅವರ ಹೆಸರು ಕೂಗುವವರು ಯಾರು?

9.25. ಬಂದಿಲ್ಲ. ಬರುವುದಿಲ್ಲ, ಮಂಕೇ. ಲಕೋಟೆ ಕೊಟ್ಟವಳು ನೀನೇ. ಆ ಸಣ್ಣ ಚರ್ಚಿನಲ್ಲಿ ಈಗ ಅಪಸ್ವರದಲ್ಲಿ ಹಾಡು ಶುರುವಾಗಿರುತ್ತದೆ. ಆಮೇಲೆ ಟೀ, ಸರಿಯಾದ ಸಕ್ಕರೆ. ಚೆನ್ನಾಗಿರಲಿ ಅವರು.

ಯಾರೋ ಬಂದು ಪಕ್ಕದಲ್ಲಿ ನಿಂತರು.

“ಸ್ವಲ್ಪ ಸರೀರಿ ಅಕ್ಕ. ಅದು ನನ್ನ ಜಾಗ.”

ಬೆಂಚಿನ ಧೂಳು ಹೊಡೆಯುತ್ತಿದ್ದಾರೆ, ಲಕೋಟೆಯಿಂದ. ಮೇಲೆ ನನ್ನ ಅಕ್ಷರ. ಇನ್ನೂ ಒಡೆದಿಲ್ಲ. ನನ್ನ ಪೆನ್ನು ಇನ್ನೂ ಓಡುತ್ತಿದೆ. ಬಗ್ಗಿಸಿದ ತಲೆಗೆ ಕಾಣುವುದು ಬೂದು ಸ್ವೆಟರು, ಕೆಳಗಿನಿಂದ ಎರಡನೇ ಗುಂಡಿ ನೀಲಿ. ಸ್ವೆಟರು ನೋಡಿ ಸುಮ್ಮನಾಗುವ ಚಾಳಿ ಸಾಕು. ಬರೆಯುವುದು ಆಮೇಲೆ. ಮೊದಲು ತಲೆ ಎತ್ತಿ ಅವರ ಮುಖ —